ನೂಲು ಬಿಗಿ, ಪೈಪು ಸಡಿಲ

ಬನಹಟ್ಟಿಯಿಂದ ಚಿಮ್ಮಡದ ಕಡೆಗೆ ಹೊರಟು, ಕೊನೆಯ ಮಗ್ಗದ ಸದ್ದು ಬೆನ್ನ ಹಿಂದೆ ಉಳಿದ ಮೇಲೆ, ಎಡಗಡೆ ಕಲ್ಲಿನ ಗೋಡೆಯೊಂದು ಶುರುವಾಗುತ್ತದೆ. ಅದರೊಳಗೆ ರುದ್ರಭೂಮಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೇಟಿನ ಪಕ್ಕದ ಮೋಟರ್ ಕೋಣೆಯ ಮುಂದೆ ಹಾಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂದು ಬಣ್ಣದ ದಪ್ಪ ಪೈಪಿನ ತುದಿ ಹಿಡಿದು ಕರೆಂಟಿನ ದಾರಿ ಕಾಯುತ್ತಿದ್ದಾರೆ. ಕೋಣೆಯೊಳಗೆ ಕೆಂಪು ದೀಪ ಹತ್ತುತ್ತದೆ, ಮೋಟರ್ ಗುಂಯ್‌ಗುಡುತ್ತದೆ. ಪೈಪಿನ ಬಾಯಿಂದ ಮೊದಲು ಗಾಳಿ, ಆಮೇಲೆ ಕೆಸರು, ಕೊನೆಗೆ ನೀರು. ನೀರು ಬಂದ ಮೇಲೂ ಹಾಲವ್ವ ಹೆಜ್ಜೆ ಕೀಳುವುದಿಲ್ಲ. ಹಿಂದೆ ಬಿದ್ದಿರುವ ಪೈಪಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸುತ್ತಾರೆ. ಎಲ್ಲೂ ಮಡಿಕೆ ಬಿದ್ದಿಲ್ಲವೆಂದು ಖಾತ್ರಿಯಾದ ಮೇಲೆಯೇ ನಡೆಯುತ್ತಾರೆ.

ಈ ಕಡೆಯ ಮನೆತನಗಳಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಮಣ್ಣು ಮುಚ್ಚಿದ ಮೇಲೆ ಕೆಲವರು ಕಲ್ಲು ಕಟ್ಟಿಸುತ್ತಾರೆ, ಕೆಲವರು ಒಂದು ಬಿಲ್ವಪತ್ರಿ ಗಿಡ ಹಚ್ಚಿ ಕೈಮುಗಿದು ಹೋಗುತ್ತಾರೆ. ಹಚ್ಚುವ ದಿನ ಊರೆಲ್ಲ ಇರುತ್ತದೆ. ನೀರು ಹಾಕುವ ದಿನ ಹಾಲವ್ವ ಒಬ್ಬರೇ. ಹೀಗೆ ಹಚ್ಚಿದ ಗಿಡಗಳು ಈಗ ನೂರರ ಮೇಲಿವೆ. ಗೇಟಿನ ಬಳಿಯವು ಹೇಗೋ ಬದುಕಿಕೊಳ್ಳುತ್ತವೆ. ಕಷ್ಟವಿರುವುದು ಹಿಂದಿನ ಗೋಡೆಯ ಮೂಲೆಯಲ್ಲಿ. ಅದು ಮಕ್ಕಳನ್ನು ಇಟ್ಟ ಜಾಗ. ಪೈಪು ಅಲ್ಲಿಗೆ ಮುಟ್ಟಬೇಕಾದರೆ ಎಷ್ಟೋ ಸಮಾಧಿಗಳ ಮೂಲೆಗಳನ್ನು ಬಳಸಿಕೊಂಡು ಹೋಗಬೇಕು. ಒಂದು ಮೂಲೆಯಲ್ಲಿ ಮಡಚಿಕೊಂಡರೂ ತುದಿಯಲ್ಲಿ ನೀರು ಸಣ್ಣಗಾಗಿ ನಿಂತೇಬಿಡುತ್ತದೆ. ಮಡಿಕೆ ಹುಡುಕಿಕೊಂಡು ಹಿಂದಕ್ಕೆ ನಡೆದು, ಬಿಡಿಸಿ, ಮತ್ತೆ ಮೂಲೆಗೆ ಬರುವಷ್ಟರಲ್ಲಿ ಬೆಳಗಿನ ಕರೆಂಟು ಹೋಗಿರುತ್ತದೆ. ಆ ದಿನ ಮಕ್ಕಳ ಮೂಲೆಗೆ ನೀರಿಲ್ಲ.

ಹಾಲವ್ವನ ಕೈ ಮೊದಲು ನೀರಿನದಲ್ಲ, ನೂಲಿನದು. ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರ ಮನೆಗೇ ಸೊಸೆಯಾಗಿ ಬಂದವರು. ಗಂಡ ಚನಮಲ್ಲಪ್ಪ ಮಗ್ಗದ ಮುಂದೆ, ಹೆಂಡತಿ ರಾಟಿಯ ಮುಂದೆ. ಲಾಳಿಯೊಳಗೆ ಕೂರುವ ಬೆರಳುದ್ದದ ನೂಲಿನ ಸುರುಳಿಗೆ ಇಲ್ಲಿ ಕಂಡಿಕಿ ಅನ್ನುತ್ತಾರೆ. ಹಾಲವ್ವ ಮದುವೆಯಾಗಿ ಬಂದಂದಿನಿಂದ ಸುತ್ತಿದ್ದು ಅದನ್ನೇ. ಬಲಗೈಯಲ್ಲಿ ರಾಟಿ ತಿರುವಿ, ಎಡಗೈಯ ಎರಡು ಬೆರಳಿನ ನಡುವೆ ಎಳೆಯನ್ನು ಅದುಮಿ ಹಿಡಿದು, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕೂರಿಸುತ್ತ ಹೋಗಬೇಕು. ಅವರ ಕಂಡಿಕಿ ಕಲ್ಲಿನಂತಿರುತ್ತಿತ್ತು ಎಂದು ಅಕ್ಕಪಕ್ಕದವರು ಈಗಲೂ ಹೇಳುತ್ತಾರೆ.

“ನೂಲು ಬಿಗಿ ಸುತ್ತಬೇಕ್ರಿ. ಸಡಲ ಸುತ್ತಿದ್ರ ಮಗ್ಗದಾಗ ಎಳಿ ಹರಿತಾವ, ಗಂಡಸರು ಬೈತಾರ. ನನ್ನ ಕೈಗೆ ಗೊತ್ತಿದ್ದ ವಿದ್ಯಾ ಅದೊಂದ,” ಎನ್ನುತ್ತಾರೆ ಹಾಲವ್ವ. ಆ ಎರಡು ಬೆರಳುಗಳ ನಡುವೆ ನೂಲು ಕೊರೆದ ಗೆರೆ ಇನ್ನೂ ಅಳಿಸಿಲ್ಲ.

ಚನಮಲ್ಲಪ್ಪ ದಮ್ಮು ಹತ್ತಿ ಮಲಗಿದವರು ಏಳಲಿಲ್ಲ. ಆಗ ಮುಂದಿನ ಸಾಲುಗಳೆಲ್ಲ ತುಂಬಿದ್ದವು. ಅವರನ್ನು ಹಿಂದಿನ ಗೋಡೆಯ ಹತ್ತಿರ, ಮಕ್ಕಳ ಮೂಲೆಗೆ ತಾಗಿದಂತೆ ಇಟ್ಟರು. ಅದೇ ವರ್ಷ ಮನೆಯಲ್ಲಿ ಕಂಡಿಕಿ ಸುತ್ತುವುದಕ್ಕೂ ಮೋಟರ್ ಬಂತು. ಮಗ ಯಲ್ಲಾಲಿಂಗ ಮಗ್ಗ ಓಡಿಸುತ್ತಾನೆ, ಸೊಸೆ ಗುಂಡಿ ಒತ್ತುತ್ತಾಳೆ. ಹಾಲವ್ವನ ಕೈ ಮನೆಯೊಳಗೇ ನಿರುದ್ಯೋಗಿಯಾಯಿತು. ಗಂಡನ ಗಿಡಕ್ಕೆ ದಿನಾ ಒಂದು ಕೊಡ ನೀರು ಹೊತ್ತು ತಂದು ಹಾಕುತ್ತಿದ್ದವರನ್ನು ನೋಡಿ, ರುದ್ರಭೂಮಿಯ ಸಂಘದ ಹಿರಿಯರಾದ ವೀರಣ್ಣ ಉಳಿದ ಗಿಡಗಳನ್ನೂ ನೋಡಿಕೊಳ್ಳಲು ಹೇಳಿದರು. ಸ್ಮಶಾನದ ಕೆಲಸ ಬೇಡವೆಂದು ಮಗ ಕೆಲ ದಿನ ಮುನಿಸಿಕೊಂಡ. ಈಗ ಮುನಿಸಿಲ್ಲ. ಆದರೆ ಕೆಲಸ ಮುಗಿಸಿ ಬಂದ ತಾಯಿ ಹಿತ್ತಲಿನಲ್ಲಿ ತಲೆಮೇಲೆ ನೀರು ಸುರಿದುಕೊಂಡೇ ಒಳಗೆ ಬರಬೇಕು. ಓಣಿಯಲ್ಲಿ ಬಾಣಂತಿ, ಕೂಸು ಇರುವ ಮನೆಗಳವರು ಹಾಲವ್ವನನ್ನು ಕಂಡರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಅವರ ಮನೆಯ ಹಿರಿಯರ ತಲೆಯ ಮೇಲೇ ಈಕೆ ಬೆಳಿಗ್ಗೆ ನೀರು ಹಾಕಿ ಬಂದಿರುತ್ತಾರೆ, ಆ ಮಾತು ಬೇರೆ.

ರುದ್ರಭೂಮಿಗೆ ದಾನ ಕೊಡುವವರಿಗೇನೂ ಬರವಿಲ್ಲ. ಕಲ್ಲಿನ ಬೆಂಚುಗಳು ಬೇಕಾದಷ್ಟಿವೆ, ಎಲ್ಲದರ ಬೆನ್ನಿಗೂ ಹೆಸರು ಕೆತ್ತಿದೆ. ಪೈಪಿನ ಮೇಲೆ ಹೆಸರು ನಿಲ್ಲುವುದಿಲ್ಲವಲ್ಲ, ಅದಕ್ಕೇ ಪೈಪು ಕೊಡುವವರು ಕಡಿಮೆ. ಯಾರೋ ಒಮ್ಮೆ ಕೊಟ್ಟ ಹಸಿರು ಪೈಪು ಹಾಳೆಯಂತೆ ತೆಳ್ಳಗಿತ್ತು. ಬಿಸಿಲು ಏರಿದರೆ ಮೆತ್ತಗಾಗಿ ತಾನೇ ಮಡಚಿಕೊಳ್ಳುತ್ತಿತ್ತು. ಅದನ್ನು ಕಂಡು ವೀರಣ್ಣ ಹೋದ ವರ್ಷ ಹಾಲವ್ವನನ್ನೇ ಜಮಖಂಡಿಗೆ ಕರೆದುಕೊಂಡು ಹೋದರು. ಎಳೆಯುವವರೇ ಆರಿಸಲಿ ಎಂಬುದು ಅವರ ಲೆಕ್ಕ. ಗೌರೀಶ ಎಂಬವರ ಪೈಪು, ಮೋಟರಿನ ಅಂಗಡಿಯಲ್ಲಿ ಹಾಲವ್ವ ಬಹಳ ಹೊತ್ತು ನೋಡಿದರು. ಕೊನೆಗೆ ಎರಡು ಪದರದ ನಡುವೆ ನೂಲಿನ ಜಾಲ ಕೂರಿಸಿದ ಪೈಪೊಂದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ, ಇದೇ ಇರಲಿ ಎಂದರು. ಒಳಗೆ ನೂಲಿದೆ ಎಂಬುದೇ ಅವರಿಗೆ ದೊಡ್ಡ ಧೈರ್ಯವಾಗಿತ್ತು. ನೂಲು ತನಗೆ ಗೊತ್ತಿಲ್ಲದ್ದೇ?

ಅದೇ ದಿನಗಳಲ್ಲಿ ಮಕ್ಕಳ ಮೂಲೆಯಲ್ಲಿ ಒಂದು ಹೊಸ ಗಿಡ ಬಂತು. ಹಚ್ಚಿದವರು ಪ್ರತಿಮಾ. ಬನಹಟ್ಟಿಯ ಸೊಸೆ, ಬೀಳಗಿಯ ಶಾಲೆಯೊಂದರಲ್ಲಿ ಒಂದನೇ ತರಗತಿಯ ಟೀಚರು. ಮಗ ದುಂಡೇಶನಿಗೆ ಶಾಲೆಗೆ ಹೆಸರು ಹಚ್ಚಬೇಕಾದ ವರ್ಷವೇ ಜ್ವರ ಬಂತು, ಮಗು ಉಳಿಯಲಿಲ್ಲ. ತಾಯಿ ದಿನವಿಡೀ ಅದೇ ವಯಸ್ಸಿನ ಮಕ್ಕಳಿಗೆ ಅಕ್ಷರ ತಿದ್ದಿಸಬೇಕು. ಅಮಾವಾಸ್ಯೆಗೊಮ್ಮೆ ಬಸ್ಸು ಬದಲಿಸಿ ಬಂದು ಗಿಡದ ಮುಂದೆ ಕೂತು ಹೋಗುತ್ತಿದ್ದರು. ಹಾಲವ್ವನ ಹತ್ತಿರ ಅವರು ಕೇಳಿಕೊಂಡಿದ್ದು ಒಂದೇ, ಈ ಗಿಡಕ್ಕೆ ನೀರು ತಪ್ಪಿಸಬೇಡಿ ಎಂದು. ಹಾಲವ್ವ ಗಂಡನ ಸಮಾಧಿಯ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ಬೇಸಿಗೆ ಬಂತು. ಹೊಸ ಪೈಪು ಒಂದೊಂದಾಗಿ ಮಡಿಕೆ ಕಲಿಯಿತು. ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ, ಆಮೇಲೆ ಮೊಳಕ್ಕೊಂದು. ಮುರಿದ ಜಾಗ ಮತ್ತೆ ಮತ್ತೆ ಮುರಿಯುತ್ತದೆ, ಬಿಡಿಸಿದರೂ ದುಂಡಗಾಗುವುದಿಲ್ಲ. ಹಾಲವ್ವ ಓಡಿ ಓಡಿ ಬಿಡಿಸಿದರು. ಉಳಿದಂತೆ ಕೊಡದಲ್ಲಿ ಹೊತ್ತರು. ಆದರೆ ಬೆನ್ನು ಎಷ್ಟು ಹೊರುತ್ತದೆ? ನಡುವೆ ಜ್ವರ ಬಂದು ಮಲಗಿದರು. ಎದ್ದು ಬಂದಾಗ ಹಿಂದಿನ ಸಾಲು ಪೂರ್ತಿ ಕಂದಾಗಿತ್ತು. ಚನಮಲ್ಲಪ್ಪನ ಗಿಡ ಒಣಗಿತ್ತು. ದುಂಡೇಶನ ಗಿಡ ಮುಟ್ಟಿದರೆ ಮುರಿಯುವಂತಿತ್ತು. ಆ ಅಮಾವಾಸ್ಯೆಗೆ ಬಂದ ಪ್ರತಿಮಾ ಕಡ್ಡಿಯನ್ನು ನೋಡುತ್ತ ನಿಂತರು, ಅಳಲಿಲ್ಲ. ಹಾಲವ್ವ ಪೈಪಿನವನಿಗೆ ಹಿಡಿಶಾಪ ಹಾಕಿದರು. ವೀರಣ್ಣನ ಮುಂದೆ ಹಾಕಿದರು, ಓಣಿಯ ತುಂಬ ಹಾಕಿದರು. ಗೌರೀಶನ ಅಂಗಡಿಯ ಹೆಸರು ಬನಹಟ್ಟಿಯಲ್ಲಿ ಚೆನ್ನಾಗಿಯೇ ಕೆಟ್ಟಿತು.

ಸಿಟ್ಟು ಇಳಿಯಲಿಲ್ಲ. ಪೈಪನ್ನು ಚೀಲಕ್ಕೆ ತುರುಕಿ, ಬಸ್ಸಿನಲ್ಲಿ ಕಂಡಕ್ಟರನ ಗೊಣಗಾಟ ಕೇಳಿಸಿಕೊಂಡು, ಹಾಲವ್ವ ಒಬ್ಬರೇ ಜಮಖಂಡಿಗೆ ಹೋದರು. ಅಂಗಡಿಯ ಕಟ್ಟೆಯ ಮೇಲೆ ಪೈಪು ಸುರಿದು ಬಾಯಿಗೆ ಬಂದದ್ದು ಅಂದರು. ಗೌರೀಶ ಪೈಪನ್ನು ಕೈಗೆತ್ತಿಕೊಂಡರು. ಮಡಿಕೆ ಬಿದ್ದ ಜಾಗಗಳನ್ನು ಬೆರಳಿನಿಂದ ಸವರುತ್ತ ಹೋದವರು, ಎಲ್ಲ ಮಡಿಕೆಗಳ ನಡುವೆ ಅಂತರ ಹೆಚ್ಚುಕಡಿಮೆ ಒಂದೇ ಇರುವುದನ್ನು ಕಂಡು, ಕೆಲಸ ಮುಗಿದ ಮೇಲೆ ಇದನ್ನು ಹೇಗೆ ಎತ್ತಿಡುತ್ತೀರಿ ಎಂದು ಕೇಳಿದರು. ಅದನ್ನೂ ಕಲಿಸಬೇಕೇ ಎಂಬಂತೆ ಹಾಲವ್ವ ಮಾಡಿ ತೋರಿಸಿದರು. ರುದ್ರಭೂಮಿಯ ಮೋಟರ್ ಕೋಣೆಯ ಗೋಡೆಯಲ್ಲಿ ಪೈಪು ಸುತ್ತಿಡಲು ಒಂದು ಕಬ್ಬಿಣದ ಗೂಟವಿತ್ತು. ಅಂಗಡಿಯಲ್ಲಿ ಅಂಥದ್ದೇ ಒಂದು ಸರಳು ಸಿಕ್ಕಿತು. ಅದಕ್ಕೆ ಪೈಪನ್ನು ಎಳೆದೆಳೆದು, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು, ಎಲ್ಲೂ ಸಂದು ಬಿಡದೆ, ಕಲ್ಲಿನಂತೆ ಸುತ್ತಿದರು. ಸುತ್ತಿ ಮುಗಿದಾಗ ಅದು ಕಂಡಿಕಿಯೇ ಆಗಿತ್ತು, ಆನೆ ಗಾತ್ರದ ಕಂಡಿಕಿ.

ಗೌರೀಶ ನಕ್ಕರು, ಹಾಲವ್ವನ ಮುಖ ನೋಡಿ ನಗು ನಿಲ್ಲಿಸಿದರು.

“ಅವ್ವಾರ, ಇದು ನೂಲಲ್ರಿ. ಇದನ್ನ ಸಡಲ ಸುತ್ತಬೇಕು,” ಎಂದರು.

ಅಷ್ಟೇ ಮಾತು. ದಿನಾ ಮುಂಜಾನೆ ಗಿಡಗಳಿಗೆ ನೀರು ಹಾಕಿದ ಅದೇ ಕೈ, ದಿನಾ ಕೆಲಸ ಮುಗಿದ ಮೇಲೆ ಆ ನೀರಿನ ಕುತ್ತಿಗೆ ಅದುಮಿತ್ತು. ಸಡಿಲಾಗಿ ಸುತ್ತಿದ್ದು ಅಂದರೆ ಮೈಗಳ್ಳರ ಕೆಲಸ ಎಂದೇ ಆ ಕೈ ತಿಳಿದಿತ್ತು. ಹಾಲವ್ವ ಸರಳಿನಿಂದ ಪೈಪು ಬಿಚ್ಚುತ್ತ ಅಲ್ಲೇ ಅತ್ತುಬಿಟ್ಟರಂತೆ. ಗೌರೀಶ ಚಹಾ ತರಿಸಿದರು, ಕುಡಿಯಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಒಂದೇ ಯೋಚನೆ. ಇದು ಯಾರಿಗೂ ಗೊತ್ತಿಲ್ಲ, ಹೇಳದಿದ್ದರೂ ನಡೆಯುತ್ತದೆ. ಪೈಪು ಕೆಟ್ಟದು ಎಂದು ಊರೇ ನಂಬಿದೆ. ಆದರೆ ಮಾತು ಕೊಟ್ಟಿದ್ದು ಪೈಪಲ್ಲ.

ಮುಂದಿನ ಅಮಾವಾಸ್ಯೆಗೆ ಪ್ರತಿಮಾ ಬಂದಾಗ ಹಾಲವ್ವ ಗೇಟಿನಲ್ಲೇ ಕಾದಿದ್ದರು.

“ಅಕ್ಕೋರ, ಪೈಪಿಂದ ತಪ್ಪಿಲ್ರಿ. ನನ್ನ ಕೈದು ತಪ್ಪು. ನಿಮ್ಮ ಗಿಡಾ ಒಣಗಿಸಿದಾಕಿ ನಾನ.”

ಪ್ರತಿಮಾ ಒಳಗೆ ಹೋಗಿ ಆ ಒಣಗಿದ ಕಡ್ಡಿಯನ್ನು ಮಣ್ಣಿನಿಂದ ಕಿತ್ತು, ಚೀಲದಲ್ಲಿಟ್ಟುಕೊಂಡು ಹೊರಟುಹೋದರು. ಮುಂದಿನ ಅಮಾವಾಸ್ಯೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬೈದಿದ್ದರೆ ಒಂದು ದಿನದ ನೋವು, ಬೈಯದೆ ಹೋದದ್ದಕ್ಕೆ ತನಗೆ ಊಟ ಸೇರದಂತಾಯಿತು ಎನ್ನುತ್ತಾರೆ ಹಾಲವ್ವ. ಆ ದಿನಗಳಲ್ಲೇ ವೀರಣ್ಣನಿಗೂ ನಡೆದದ್ದು ಹೇಳಿದರು. ಓಣಿಯ ಬಾವಿಕಟ್ಟೆಯ ಮೇಲೆ ನಿಂತು ಗೌರೀಶನ ಹೆಸರನ್ನು ತಾವೇ ಕೆಡಿಸಿದ್ದೆಂದು ಒಪ್ಪಿಕೊಂಡರು. ಕೇಳಿದವರಲ್ಲಿ ಅರ್ಧ ಜನ ನಕ್ಕರು. ನೇಕಾರರ ಊರಲ್ಲವೇ, ಆನೆ ಗಾತ್ರದ ಕಂಡಿಕಿ ಇನ್ನೂ ನಗೆಯ ಮಾತಾಗಿಯೇ ಉಳಿದಿದೆ. ಹಾಲವ್ವ ಮಾತ್ರ ಅದಕ್ಕೆ ಈವರೆಗೆ ನಕ್ಕಿಲ್ಲ.

ಈಗಿರುವ ಕಂದು ಪೈಪನ್ನು ಸಂಘದವರು ಆಮೇಲೆ ತಂದದ್ದು. ಈ ಸಲ ಆರಿಸುವಾಗ ಹಾಲವ್ವ ಬರೀ ನೂಲು ನೋಡಲಿಲ್ಲ. ಗೌರೀಶ ಹೇಳಿಕೊಟ್ಟಂತೆ ಪೈಪಿನ ತುಂಡನ್ನು ಬಳೆಯಂತೆ ಬಗ್ಗಿಸುತ್ತ, ಬಳೆ ಎಷ್ಟು ಸಣ್ಣದಾಗುವವರೆಗೆ ಮುರಿಯದೆ ನಿಲ್ಲುತ್ತದೆ ಎಂದು ನೋಡಿದರು. ಕೆಲವು ಅಗಲ ತಟ್ಟೆಯಷ್ಟಾದಾಗಲೇ ಸೋತವು. ಇದು ಬಟ್ಟಲಿನಷ್ಟಾಗುವವರೆಗೆ ತಡೆಯಿತು, ಬಿಟ್ಟ ಕೂಡಲೇ ಮತ್ತೆ ದುಂಡಗಾಯಿತು. ಗೋಡೆ ದಪ್ಪ, ತೂಕ ಹೆಚ್ಚು, ಎಳೆಯಲು ಭುಜ ನೋಯುತ್ತದೆ. ನೋಯಲಿ ಅಂದರು. ಗೂಟವನ್ನು ಕೀಳಿಸಿ, ಅದರ ಜಾಗಕ್ಕೆ ಕಬ್ಬಿನ ಟ್ರ್ಯಾಕ್ಟರೊಂದರ ಹಳೆಯ ಟೈರು ಹೊಡೆಸಿದ್ದಾರೆ. ಕೆಲಸ ಮುಗಿದ ಮೇಲೆ ಪೈಪಿನ ನೀರೆಲ್ಲ ಇಳಿಸಿ, ಟೈರಿನ ಮೇಲೆ ಅಗಲ ಅಗಲ ಸುತ್ತು ಹಾಕುತ್ತಾರೆ. ಇವತ್ತಿಗೂ ಕೈ ತಾನಾಗಿ ಬಿಗಿಯಲು ನೋಡುತ್ತದೆ. ಆಗ ನಿಂತು, ಬೆರಳು ಬಿಡಿಸಿ, ಮತ್ತೆ ಶುರು ಮಾಡುತ್ತಾರೆ.

ಮಳೆ ಹಿಡಿದ ಮೇಲೆ ಒಂದು ದಿನ ಪ್ರತಿಮಾ ಬಂದರು. ಅಮಾವಾಸ್ಯೆಯೂ ಅಲ್ಲ, ಹಬ್ಬವೂ ಅಲ್ಲ. ಕೈಯಲ್ಲಿ ಬೀಳಗಿಯಿಂದ ತಂದ ಒಂದು ಪತ್ರಿ ಸಸಿ. ಅದನ್ನು ಹಾಲವ್ವನ ಕೈಗಿಟ್ಟರು.

“ಈ ಸಲ ನೀವ ಹಚ್ಚ್ರಿ ಆಯಿ. ನಾ ಹಚ್ಚಿದ್ದು ಯಾವುದೂ ನಿಲ್ಲವಲ್ತು.”

ಹಾಲವ್ವ ಹಚ್ಚಿದರು. ಈಗ ಮತ್ತೆ ಬೇಸಿಗೆ. ಬೆಳಗಿನ ಈ ಹೊತ್ತಿನಲ್ಲಿ ಅವರು ಪೈಪು ಎಳೆದುಕೊಂಡು ಮೊದಲು ಹೋಗುವುದೇ ಹಿಂದಿನ ಮೂಲೆಗೆ. ಮೂಲೆ ಬಂದಲ್ಲಿ ಪೈಪನ್ನು ಎಳೆಯದೆ, ಎತ್ತಿ, ಮಗ್ಗುಲು ಬದಲಿಸಿ ಇಡುತ್ತಾರೆ. ದುಂಡೇಶನ ಗಿಡ ಮೊಣಕಾಲಿನೆತ್ತರವಿದೆ. ಮೊನ್ನೆ ಬಿದ್ದ ಬಿಸಿಲಿಗೆ ಎರಡು ಎಲೆ ಅಂಚಿನಲ್ಲಿ ಸುಟ್ಟಿವೆ. ಹಾಲವ್ವ ಅವನ್ನು ಕೀಳುವುದಿಲ್ಲ, ದಿನಾ ನೋಡುತ್ತಾರೆ. ಇನ್ನೂ ಮೇ ತಿಂಗಳು ಪೂರ್ತಿ ಬಾಕಿಯಿದೆ. ಇದು ಉಳಿಯುತ್ತದೆ ಎಂದು ಯಾರ ಮುಂದೆಯೂ ಹೇಳುವುದಿಲ್ಲ, ಹೇಳುವ ಧೈರ್ಯ ಹೋದ ವರ್ಷವೇ ಹೋಯಿತು. ಪಕ್ಕದಲ್ಲಿ ಚನಮಲ್ಲಪ್ಪನ ಸಮಾಧಿಯ ಮೇಲೆ ಬರೀ ಮಣ್ಣು. ಅಲ್ಲಿ ಹೊಸ ಗಿಡ ಯಾಕೆ ಹಚ್ಚಲಿಲ್ಲ ಎಂದರೆ, ಈ ಮೂಲೆಗೆ ಬರುವ ನೀರು ಮೊದಲು ಮಕ್ಕಳಿಗೆ ಸಾಲಲಿ ಎನ್ನುತ್ತಾರೆ.

ಗಂಡನ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗವಿದೆ. ಅದನ್ನು ಸಂಘದವರು ಹಾಲವ್ವನಿಗೆಂದೇ ಬಿಟ್ಟಿದ್ದಾರೆ. ಈಚೆಗೆ ಅವರು ವೀರಣ್ಣನ ಹತ್ತಿರ ಹೋಗಿ, ಆ ಜಾಗ ತನಗೆ ಬೇಡ, ಗೇಟಿನ ಪಕ್ಕದ ನಳದ ಬುಡದಲ್ಲಿ ಕೊಡಿ ಎಂದು ಕೇಳಿದ್ದಾರೆ. ವೀರಣ್ಣ ಗಾಬರಿಯಾದರು. ಮಗ ಯಲ್ಲಾಲಿಂಗ, ಅಪ್ಪನ ಪಕ್ಕ ಬಿಟ್ಟು ಬೇರೆಡೆ ಹೇಗಿಡಲಿ ಎಂದು ಮತ್ತೆ ಮುನಿಸಿಕೊಂಡಿದ್ದಾನೆ. ಹಾಲವ್ವ ಮಾತು ಬದಲಿಸಿಲ್ಲ.

ಬಿಸಿಲು ಗೋಡೆ ಹತ್ತಿದೆ, ಮೋಟರ್ ನಿಂತಿದೆ. ಟೈರಿನ ಮೇಲೆ ಪೈಪಿನ ಕೊನೆಯ ಸುತ್ತು ಹಾಕಿ, ಅದು ಸಡಿಲಾಗಿದೆಯೇ ಎಂದು ಒಳಗೆ ಕೈ ತೂರಿಸಿ ನೋಡುತ್ತ ಹಾಲವ್ವ ಹೇಳುತ್ತಾರೆ:

“ನಮ್ಮ ಮನಿಯವ್ರ ಹಂತೇಕ ನಾ ದಿನಾ ಹೋಗಿಬಂದೀನ್ರಿ, ಅವ್ರು ಸಿಟ್ಟಾಗೂದಿಲ್ಲ. ನನ್ನ ನಳದ ಬುಡಕ ಇಡ್ರಿ. ನನ್ನ ಹಿಂದ ಬರಾಕಿ ಯಾರೋ ಏನೋ, ಆಕಿ ಕೈ ಹೆಂಗೈತೋ ಏನೋ. ತಂಬಿಗೀಲೆ ಹಾಕಿದ್ರೂ ನನ್ನ ಗಿಡಕ್ಕ ನೀರು ಮುಟ್ಟತೈತಿ. ಪೈಪ್ ಆ ಮೂಲಿ ಹುಡುಗೂರಿಗೆ ಇರಲಿ.”