ಮೂರನೇ ರೈಡಿನವನು

ಹನ್ನೆರಡು ವರ್ಷದ ಆಟದಲ್ಲಿ ನನ್ನ ಹೆಸರಿಲ್ಲದ ಪಟ್ಟಿ ಕೇಳಿದ್ದು ಅದೇ ಮೊದಲು. ಕನಕಪುರದ ಮೈದಾನ, ಭಾನುವಾರ ಬೆಳಗ್ಗೆ. ನಮ್ಮ ಕಬಡ್ಡಿ ತಂಡಕ್ಕೆ ಹೊಸದಾಗಿ ಬಂದಿದ್ದ ಪಿ.ಟಿ. ಮಾಸ್ಟ್ರು ಫೋನ್ ನೋಡಿಕೊಂಡು ಏಳು ಹೆಸರು ಓದಿದರು. ಏಳನೆಯದು ಮುಗಿದ ಮೇಲೂ ನಾನು ಕಾಯುತ್ತಾ ನಿಂತಿದ್ದೆ. ಇನ್ನೊಂದು ಇರಬೇಕು ಅನ್ನಿಸಿತ್ತು. ಕಬಡ್ಡಿಗೆ ಏಳೇ ಜನ ಅನ್ನುವುದೇ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ನಾನು ಓದಿದ್ದು ಆರನೇ ಕ್ಲಾಸು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತೇನೆ. ಗೂಡು ಹಗುರ, ಅದರಲ್ಲೇನು ಕಷ್ಟ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅಪ್ಪಚ್ಚಿಯಾಗದ ಹಾಗೆ ಹೊರಬೇಕಲ್ಲ, ಅದು ಕಷ್ಟ. ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ, ಒಂದು ಮೂಟೆಯನ್ನೂ ಅರ್ಧ ದಾರಿಯಲ್ಲಿ ಇಳಿಸಿದವನಲ್ಲ. ಅದೇ ಹೆಗಲನ್ನು ಅಂಕಣಕ್ಕೂ ತಂದೆ. ನನ್ನ ಜಾಗ ಕವರ್, ಅಂದರೆ ಮೂಲೆಯವನ ಪಕ್ಕ. ಎದುರಾಳಿ ರೈಡರ್ ಒಳಗೆ ಬಂದರೆ ಎದೆ ಕೊಟ್ಟು ಗುದ್ದಿ ಗೆರೆಯಾಚೆ ಕಳಿಸುವುದು ನನ್ನ ಕೆಲಸ. ಡ್ಯಾಶ್ ಅನ್ನುತ್ತಾರೆ. ಸೋಲೂರಿನ ಒಬ್ಬ ರೈಡರ್ ನನ್ನ ಡ್ಯಾಶಿಗೆ ಹಾರಿಹೋಗಿ ಸುಣ್ಣದ ಬಕೆಟ್ಟಿನಲ್ಲಿ ಕೂತಿದ್ದನ್ನು ಮಾಗಡಿ ಕಡೆ ಈಗಲೂ ಹೇಳಿಕೊಂಡು ನಗುತ್ತಾರೆ.

"ಮಾಸ್ಟ್ರೇ, ನನ್ ಹೆಸ್ರು?" ಎಂದೆ.

"ಅಣ್ಣ, ನೀವು ಮೂರನೇ ರೈಡ್‌ಗೆ ಮಾತ್ರ."

"ಅಂಗಂದ್ರೆ?"

"ನೀವು ಒಳಗಿದ್ರೆ ಅವ್ರು ಹತ್ರಾನೇ ಬರಲ್ಲ. ಮೂವತ್ತು ಸೆಕೆಂಡ್ ಗೆರೆ ಹತ್ರ ಕುಣಿದು ವಾಪಸ್ ಹೋಗ್ತಾರೆ. ಎರಡು ಸಲ ಬರಿಗೈಲಿ ಹೋದ್ರೆ ಮೂರನೇ ಸಲ ಅಂಕ ತರ್ಲೇಬೇಕು, ಇಲ್ದಿದ್ರೆ ಔಟು. ಆಗ ಬರ್ಲೇಬೇಕಲ್ಲ, ಆಗ ನಿಮ್ಮನ್ನ ಇಳಿಸ್ತೀನಿ. ಮೊದ್ಲಿನ ಎರಡಕ್ಕೆ ಚುರುಕು ಕಾಲಿನವನು ಬೇಕು."

ನಮ್ಮ ರೈಡರ್ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವನು. ಬಾಯಿ ಸುಮ್ಮನಿರುವುದಿಲ್ಲ. "ಪಾಯ್ಸ ಬಂದಾಗ ಮಾತ್ರ ಎಲೆ ಹಾಕ್ತೀವಿ ಅಂದಂಗಾಯ್ತು ಕಣಣ್ಣ" ಎಂದ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅರ್ಧ ಆಟ ಮುಗಿಯಲಿ, ಬ್ಯಾಗ್ ಎತ್ತಿಕೊಂಡು ಬಸ್ಸು ಹತ್ತುತ್ತೇನೆ, ಮತ್ತೆ ಈ ತಂಡದ ಕಡೆ ತಲೆ ಹಾಕುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ನಗದೆ ಇದ್ದವನು ಒಬ್ಬನೇ, ನಮ್ಮ ಮೂಲೆಯವನು. ರಾಮನಗರದ ರೀಲರ್, ರೇಷ್ಮೆ ನೂಲು ತೆಗೆಯುವವನು. ಬಿಸಿನೀರಿನ ತೊಟ್ಟಿಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವನ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಆ ಬೆರಳುಗಳನ್ನು ಹನ್ನೆರಡು ವರ್ಷ ಹಿಡಿದು ಆಡಿದ್ದೇನೆ. ಮೂಲೆಯವನೂ ಕವರಿನವನೂ ಕೈ ಕೈ ಹಿಡಿದೇ ನಿಲ್ಲಬೇಕು. ಮಾತಾಡಿದರೆ ರೈಡರ್‌ಗೆ ಕೇಳುತ್ತದೆ, ಅದಕ್ಕೆ ನಮ್ಮದೇ ಒಂದು ಪದ್ಧತಿ ಇತ್ತು. ಅವನು ಕೈ ಬಿಗಿ ಹಿಡಿದರೆ ನಾನು ಅಲುಗಬಾರದು. ಬಿಟ್ಟರೆ ನುಗ್ಗಬೇಕು. ಇದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಕಾಲು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬೆಸ್ಟ್ ಕ್ಯಾಚರ್ ಎಂದು ಕೊಟ್ಟ ಗೋಡೆ ಗಡಿಯಾರಗಳೇ ಅವನ ಮನೆಯಲ್ಲಿ ಆರು.

ಆಟ ಶುರುವಾಯಿತು. ನನ್ನ ಜಾಗದಲ್ಲಿ ಪಾಲಿಟೆಕ್ನಿಕ್ ಓದುವ ಒಬ್ಬ ನಿಂತಿದ್ದ. ಎದುರು ತಂಡದ ರೈಡರ್ ಬೈರಾಪಟ್ಟಣದ ಕಡೆಯವನು, ತೆಳ್ಳಗೆ, ಹಾವಿನ ಹಾಗೆ. ಬಂದವನೇ ನೇರ ಆ ಪಾಲಿಟೆಕ್ನಿಕ್‌ನವನ ಎದೆಗೇ ಬಂದ. ಮೂಲೆಯವನು ಅವನ ಕೈ ಬಿಗಿಮಾಡಿದ್ದು ನಾನು ಕೂತಲ್ಲಿಗೇ ಕಂಡಿತು. ಪಾಪ, ಪಾಲಿಟೆಕ್ನಿಕ್‌ನವನು ಅದನ್ನು ನುಗ್ಗು ಅಂತ ತಿಳಿದ. ನುಗ್ಗಿದ. ರೈಡರ್ ಮುಟ್ಟಿ ನಗುತ್ತಾ ಹೋದ. ಇನ್ನೊಂದು ಸಲವೂ ಅದೇ ಆಯಿತು. ಅರ್ಧ ಆಟ ಮುಗಿಯುವ ಹೊತ್ತಿಗೆ ನಮ್ಮ ಮೂಲೆಯವನ ಕೈಗೆ ಒಂದು ಕಾಲೂ ಸಿಕ್ಕಿರಲಿಲ್ಲ. ಅವನ ಹತ್ತಿರ ಯಾರೂ ಹೋಗಿಯೇ ಇರಲಿಲ್ಲ. ಮೂರನೇ ರೈಡ್ ಒಂದೂ ಬರಲಿಲ್ಲ, ಎಲ್ಲ ಮೊದಲ ಎರಡರಲ್ಲೇ ಮುಗಿಯುತ್ತಿತ್ತು.

ನಾನು ಬ್ಯಾಗ್ ಹೆಗಲಿಗೆ ಹಾಕಿದೆ. ಮೂಲೆಯವನು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದ.

"ಎಲ್ಲಿಗ್ಲಾ?"

"ಬಸ್ಸಿಗೆ. ನಿಂಗೇನ್ಲಾ ಇವತ್ತು, ಹುಷಾರಿಲ್ವಾ? ಒಂದ್ ಕಾಲೂ ಹಿಡೀಲಿಲ್ಲ?"

"ಚೆನ್ನಾಗೇ ಇವ್ನಿ. ಕಾಲು ಬಂದ್ರೆ ತಾನೆ ಹಿಡಿಯಾದು? ನನ್ ತಾವ ಬರಕ್ಕೆ ಅವ್ರಿಗೇನು ಹುಚ್ಚಾ?"

"ಇಷ್ಟ್ ವರ್ಸ ಬತ್ತಿದ್ರಲ್ಲ?"

ಅವನು ನನ್ನ ಮುಖವನ್ನೇ ನೋಡಿದ. "ಲೇ, ನಿನ್ ಎದೆ ತಪ್ಪಿಸ್ಕಳಕ್ಕೆ ಬತ್ತಿದ್ರು ಕಣ್ಲಾ. ನಿನ್ ಮ್ಯಾಲೆ ಕಣ್ಣಿಟ್ಕಂಡು, ಕಾಲು ನನ್ ಕಡೆ ಬುಟ್ಬುಡೋರು. ನಾನು ಬಗ್ಗಿ ಎತ್ಕಳೋನು. ಅಷ್ಟೇಯ."

ಬ್ಯಾಗಿನ ಪಟ್ಟಿ ಹೆಗಲಿಂದ ಜಾರಿ ಮೊಣಕೈಗೆ ಬಂತು. ಎತ್ತಿಕೊಳ್ಳಬೇಕು ಅನ್ನಿಸಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಮೊದಲ್ನೇ ಗಡಿಯಾರದಿಂದ."

"ಹೇಳ್ಬಾರ್ದಾಗಿತ್ತೇನ್ಲಾ?"

"ಹೇಳಿದ್ರೆ ನೆಟ್ಟಗೆ ನಿಂತ್ಕತಿದ್ದೇನ್ಲಾ ನೀನು? ನಾನೂ ಕಾಲು ಹಿಡೀತೀನಿ ಅಂತ ಬಗ್ಗೋನು. ಇಬ್ರೂ ಕೆಡ್ತಿದ್ವಿ."

ನಂಬಲಿಲ್ಲ ನಾನು. ಅಲ್ಲೇ ಇದ್ದ ಮಾಸ್ಟ್ರು ಫೋನ್ ಮುಂದೆ ಹಿಡಿದರು. ಹೋದ ತಿಂಗಳು ಮಾಗಡಿಯಲ್ಲಿ ಆಡಿದ ಆಟ, ಅದರ ಮೂರನೇ ರೈಡುಗಳು. ನಾನು ಆಡುವುದನ್ನು ನಾನೇ ನೋಡಿದ್ದು ಅದೇ ಮೊದಲು. ರೈಡರ್ ಬರುತ್ತಾನೆ, ಕಣ್ಣು ನನ್ನ ಮೇಲೆ. ನಾನೊಂದು ಹೆಗಲು ತಿರುಗಿಸುತ್ತೇನೆ, ಅಷ್ಟೇ. ಅವನ ಮೈ ಬೆಂಕಿ ಕಂಡ ಹಾಗೆ ಪಕ್ಕಕ್ಕೆ ವಾಲುತ್ತದೆ, ಕಾಲು ತಾನಾಗಿ ಮೂಲೆಗೆ ಹೋಗಿ ಬೀಳುತ್ತದೆ. ಮಾಸ್ಟ್ರು ಇನ್ನೊಂದು ತೋರಿಸಿದರು. ಅದೂ ಹಾಗೇ. ಮತ್ತೊಂದೂ ಹಾಗೇ. ಹನ್ನೆರಡು ವರ್ಷ ನಾನು ಗುದ್ದಿದ ಲೆಕ್ಕ ಮಾತ್ರ ನೆನಪಿಟ್ಟುಕೊಂಡಿದ್ದೆ. ಗುದ್ದದೆ ಸುಮ್ಮನೆ ನಿಂತಾಗ ಏನು ನಡೆಯುತ್ತಿತ್ತು ಎಂದು ಒಂದು ದಿನವೂ ನೋಡಿರಲಿಲ್ಲ. ಮೂಲೆಯವನ ಮನೆಗೆ ಊಟಕ್ಕೆ ಹೋದಾಗಲೆಲ್ಲ ಆ ಆರು ಗಡಿಯಾರದ ಕೆಳಗೇ ಕೂತು ಉಂಡಿದ್ದೇನೆ. "ಭಾರಿ ಕೈ ಕಣ್ಲಾ ನಿಂದು" ಎಂದು ಹೊಗಳಿದ್ದೇನೆ ಬೇರೆ.

ಕೋಪ ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಬಸ್ಸಿಗೆ ಮಾತ್ರ ಹೋಗಲಿಲ್ಲ.

ಎರಡನೇ ಅರ್ಧದಲ್ಲಿ ಮೂರನೇ ರೈಡಿಗೆ ಒಮ್ಮೆ ಇಳಿಸಿದರು. ಮೂಲೆಯವನು ಕೈ ಬಿಟ್ಟ, ಗುದ್ದಿದೆ, ಅವರ ಇನ್ನೊಬ್ಬ ರೈಡರ್ ಮ್ಯಾಟಿನಾಚೆ ಹೋಗಿ ಬಿದ್ದ. ಜನ ಕೂಗಿದರು. ತಕ್ಷಣ ಹೊರಗೆ ಕರೆದರು. ಮತ್ತೆ ಬೆಂಚು.

ಕೊನೆಯ ರೈಡ್. ನಾವು ಒಂದು ಅಂಕ ಹಿಂದೆ. ಅಂಕಣದಲ್ಲಿ ಉಳಿದ ನಮ್ಮವರು ಮೂವರೇ, ಹಾಗಾಗಿ ರೈಡರ್‌ನನ್ನು ಹಿಡಿದರೆ ಎರಡು ಅಂಕ. ಅವರಿಗೆ ಮೂರನೇ ರೈಡ್, ತೆಳ್ಳನೆಯವನು ಬರಲೇಬೇಕು. ಮಾಸ್ಟ್ರು ಪಾಲಿಟೆಕ್ನಿಕ್‌ನವನನ್ನು ಕರೆದು ನನ್ನನ್ನು ಇಳಿಸಿದರು.

ಸುಕ್ಕು ಬೆರಳು ನನ್ನ ಕೈ ಹಿಡಿಯಿತು. ತೆಳ್ಳನೆಯವನು ಬಂದ. ಎಷ್ಟು ಹತ್ತಿರವೆಂದರೆ ಅವನ ಉಸಿರು ಕೇಳಿಸುತ್ತಿತ್ತು. ಒಂದು ಹೆಜ್ಜೆ ಹಾಕಿದರೆ ಅವನು ಅನೌನ್ಸರ್ ಮೇಜಿನ ಮೇಲಿರುತ್ತಿದ್ದ. ಮೈಕಿನಲ್ಲಿ ನನ್ನ ಹೆಸರು, ಜನರ ಬಾಯಲ್ಲಿ ನನ್ನ ಹೆಸರು. ಅಷ್ಟೂ ಹೊತ್ತೂ ಮೂಲೆಯವನ ಕೈ ಬಿಗಿ. ಕಿತ್ತುಕೊಂಡು ನುಗ್ಗಲೇ? ನಿಜ ಹೇಳುತ್ತೇನೆ, ಕೈ ಒಂದು ಸಲ ಎಳೆದೆ. ಅವನು ಇನ್ನೂ ಬಿಗಿ ಹಿಡಿದ, ಉಗುರು ಚುಚ್ಚುವ ಹಾಗೆ. ನಿಂತೆ. ಹೆಗಲೊಂದು ತಿರುಗಿಸಿದೆ.

ತೆಳ್ಳನೆಯವನ ಕಣ್ಣು ನನ್ನ ಎದೆಗೆ ನೆಟ್ಟಿತು. ಮೈ ವಾಲಿತು. ಕಾಲು ಮೂಲೆಗೆ ಹೋಯಿತು. ಫೋನಿನಲ್ಲಿ ಕಂಡದ್ದು ಕಣ್ಣೆದುರಿಗೇ ನಡೆಯುತ್ತಿದ್ದರೆ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದೆ. "ಲೇ, ಬೀಳ್ಲಾ ಮ್ಯಾಲೆ!" ಎಂದು ಕೆಳಗಿನಿಂದ ಮೂಲೆಯವನು ಕಿರುಚಿದ ಮೇಲೇ ಎಚ್ಚರ. ಅವನ ಕೈಗೆ ಕಾಲು ಸಿಕ್ಕಾಗಿತ್ತು. ಹೋಗಿ ಮೇಲೆ ಬಿದ್ದೆ.

ಗೆದ್ದೆವು. ಮೈಕಿನಲ್ಲಿ ಕೂಗಿದ್ದು ಅವನ ಹೆಸರನ್ನೇ, ಏಳನೇ ಗಡಿಯಾರ ಬಂದದ್ದೂ ಅವನಿಗೇ. ಮಾಸ್ಟ್ರು ಅಲ್ಲೇ ಮುಂದಿನ ಭಾನುವಾರದ ಪಟ್ಟಿ ಓದಿದರು. ಏಳರಲ್ಲಿ ನಾನಿರಲಿಲ್ಲ. ಆಮೇಲೆ ತಲೆ ಎತ್ತಿ, "ಮೂರನೇ ರೈಡ್‌ಗೆ ಅಣ್ಣ. ಬರ್ತೀರಾ?" ಎಂದರು.

"ಬತ್ತೀನಿ" ಎಂದೆ. "ಆ ಪಾಲಿಟೆಕ್ನಿಕ್‌ನವನ್ನ ಒಸಿ ನನ್ ತಾವ ಕಳ್ಸಿ. ಕೈ ಹಿಡಿಯಾದು ಕಲೀಬೇಕು ಅವ್ನು."

ರಾಮನಗರದವರೆಗೆ ಮೂಲೆಯವನ ಬೈಕಿನ ಹಿಂದೆ ಕೂತು ಬಂದೆ. ಗಡಿಯಾರ ನನ್ನ ತೊಡೆಯ ಮೇಲಿತ್ತು. ಸೆಲ್ ಹಾಕಿರಲಿಲ್ಲ, ಮುಳ್ಳು ಹತ್ತು ಗಂಟೆ ಹತ್ತು ನಿಮಿಷದಲ್ಲಿ ನಿಂತಿತ್ತು. ಹಳ್ಳ ಬಂದಾಗಲೆಲ್ಲ ಅವನು, "ಉಸಾರು ಕಣ್ಲಾ, ಗಾಜು" ಅನ್ನುತ್ತಿದ್ದ. ಗೂಡಿನ ಮೂಟೆ ಹಿಡಿದ ಹಾಗೆ, ಒತ್ತದೆ, ಬಿಡದೆ ಹಿಡಿದುಕೊಂಡಿದ್ದೆ.