ಚಂದವ್ವ ಹೊಲಿದ ಹಾಯಿ

ಚಂದವ್ವನಿಗೆ ಈಜು ಬರುವುದಿಲ್ಲ. ಅವಳ ಗಂಡ ಕಂಠೆಪ್ಪನಿಗೂ ಬರುವುದಿಲ್ಲ. ಸಿಂದಗಿ ಕಡೆಯ ಅವರ ಊರಲ್ಲಿ ಮೊಣಕಾಲು ಮುಳುಗುವಷ್ಟು ನೀರು ನಿಂತರೆ ಜನ ಅದನ್ನು ಕೆರೆ ಎಂದು ಕರೆದು ಎಮ್ಮೆ ಇಳಿಸುತ್ತಾರೆ. ಅಂಥ ಊರಿನ ಗಂಡ ಹೆಂಡತಿ ಸಂಸಾರ ಹೂಡಿದ್ದು ಗೋವಾದಲ್ಲಿ, ವಾಸ್ಕೋ ಪಕ್ಕ ಸಮುದ್ರ ಒಳಚಾಚಿದ ಖಾಡಿಯೊಂದರಲ್ಲಿ ಲಂಗರು ಹಾಕಿ ನಿಂತಿದ್ದ ಹಾಯಿದೋಣಿಯ ಮೇಲೆ.

ದೋಣಿ ಕಾಯ್ತಾನ ಎಂಬ ಗೋವೆಯ ಸಾಹೇಬರದು. ಹಡಗಿನ ಇಂಜಿನಿಯರಾಗಿ ನಿವೃತ್ತರಾದ ಅವರು ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ, ದೋಣಿಯಲ್ಲೇ ಇದ್ದುಬಿಟ್ಟರು. ಎರಡು ವರ್ಷದ ಹಿಂದೆ ಕಣ್ಣಿಗೆ ಪೊರೆ ಬಂದು, ಚಹಾದ ಕಪ್ಪು ಯಾವುದು ಬೂದಿಯ ಡಬ್ಬಿ ಯಾವುದು ತಿಳಿಯದಂತಾದಾಗ, ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಕಂಠೆಪ್ಪನನ್ನು ಜೊತೆಗಿಟ್ಟುಕೊಂಡರು. ಅವನ ಹಿಂದೆ ಚಂದವ್ವನೂ ಬಂದಳು. ಮೊದಲ ದಿನ ಅವಳು ಹಾಯಿಕಂಬಕ್ಕೆ ಸೆರಗು ಬಿಗಿದುಕೊಂಡೇ ರೊಟ್ಟಿ ಬಡಿದಳು. ತಿಂಗಳು ಕಳೆಯುವಷ್ಟರಲ್ಲಿ ಪಕ್ಕದಲ್ಲಿ ಹಾದುಹೋಗುವ ಮೀನುಗಾರರಿಗೆ ದೋಣಿ ಹೇಗೆ ನಡೆಸಬೇಕೆಂದು ಬುದ್ಧಿ ಹೇಳುತ್ತಿದ್ದಳು.

ಉಬ್ಬರ ಬಂದಾಗಲೆಲ್ಲ ದೋಣಿಯ ಬದಿಗೆ ಕಸ ತೇಲಿ ಬರುತ್ತಿತ್ತು. ನೀರಿನ ಬಾಟಲಿ, ಹಾಲಿನ ಪ್ಯಾಕೆಟ್ಟು, ಒಂಟಿ ಚಪ್ಪಲಿ. ನಯೀಮನ ಗುಜರಿ ಗೋದಾಮಿನಲ್ಲಿ ನಾಲ್ಕು ವರ್ಷ ಪ್ಲಾಸ್ಟಿಕ್ ಬೇರ್ಪಡಿಸಿದ ಕೈ ಅವಳದು, ಸುಮ್ಮನಿರಬೇಕಲ್ಲ. ಉದ್ದ ಕೋಲಿಗೆ ಬಲೆ ಕಟ್ಟಿ ಎಲ್ಲವನ್ನೂ ಮೇಲಕ್ಕೆತ್ತಿ ತೊಳೆದಳು, ಬಾಟಲಿ ಬೇರೆ, ಮುಚ್ಚಳ ಬೇರೆ ಮಾಡಿ ಚೀಲ ತುಂಬಿದಳು. ಶನಿವಾರಕ್ಕೊಮ್ಮೆ ಕಂಠೆಪ್ಪ ಅವನ್ನು ಸಣ್ಣ ದೋಣಿಯಲ್ಲಿ ಹೇರಿಕೊಂಡು ನಯೀಮನಿಗೆ ಮುಟ್ಟಿಸಬೇಕು. ಚಿಪ್ಸಿನ ಪ್ಯಾಕೆಟ್ಟುಗಳನ್ನು ಮಾತ್ರ ನಯೀಮ ಬೇಡ ಎನ್ನುತ್ತಿದ್ದ. ಅವನ್ನು ಕತ್ತರಿಸಿ, ಜೋಡಿಸಿ, ಊರಲ್ಲಿ ಹಳೆ ಸೀರೆಯಿಂದ ಹೊಲಿಯುವಂತೆಯೇ ಅವಳು ಕೌದಿ ಹೊಲಿಯುತ್ತಿದ್ದಳು. ಸಾಹೇಬರು ತಮ್ಮ ದೋಣಿ ಕಾರ್ಖಾನೆಯಾಯಿತೆಂದು ಗೊಣಗುತ್ತ, ಆ ಕೌದಿಯ ಮೇಲೇ ಮಲಗಿ ನಿದ್ದೆ ಹೊಡೆಯುತ್ತಿದ್ದರು.

ಚಂದವ್ವನಿಗೆ ಒಂದು ವಿದ್ಯೆಯ ಮೇಲೆ ಭಾರೀ ಜಂಬ. ಯಾವುದೇ ವಸ್ತುವಿನ ತುದಿ ಸುಟ್ಟು ಹೊಗೆ ಮೂಸಿದರೆ ಅದು ಎಂಥ ಪ್ಲಾಸ್ಟಿಕ್ಕು ಎಂದು ಅವಳು ಹೇಳಬಲ್ಲಳು. ಗೋದಾಮಿನಲ್ಲಿ ನಯೀಮನೇ ಅನುಮಾನ ಬಂದಾಗ ಅವಳ ಮೂಗಿಗೆ ಹಿಡಿಯುತ್ತಿದ್ದ. ಕೊನೆಗೆ ಆ ಮೂಗೇ ಅವಳನ್ನು ಪೇಚಿಗೆ ಸಿಕ್ಕಿಸಿತು.

ಮಳೆಗಾಲದಲ್ಲಿ ಸಾಹೇಬರು ಕಣ್ಣಿನ ಆಪರೇಷನ್ನಿಗೆ ಮುಂಬೈಯ ತಂಗಿಯ ಮನೆಗೆ ಹೋದರು. ಇತ್ತ ಚಂದವ್ವ ಮುಂದಿನ ಕೋಣೆ ಗುಡಿಸುವಾಗ ಒಂದು ಚೀಲದಲ್ಲಿ ಮಡಚಿಟ್ಟ ದಪ್ಪ ಬಿಳಿ ಬಟ್ಟೆ ಕಂಡಳು. ಮುಟ್ಟಿದರೆ ಕರಕರ ಎನ್ನುತ್ತಿತ್ತು. ದೋಣಿಯ ಹಾಯಿ ಯಾವುದೆಂದು ಅವಳಿಗೆ ಗೊತ್ತಿತ್ತು, ಅದು ಕಂಬದ ಬುಡದಲ್ಲಿ ನೀಲಿ ಹೊದಿಕೆಯೊಳಗೆ ಮಲಗಿತ್ತು. ಮೂತಿಯ ಕಡೆ ಏರಿಸುವ ಇನ್ನೊಂದು ಹಾಯಿಯೂ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಬಂದ ಮೇಲೆ ದೋಣಿ ಲಂಗರು ಎತ್ತಿದ್ದೇ ಇಲ್ಲ. ಒಂದು ಎಳೆ ಕಿತ್ತು ಕಡ್ಡಿ ಗೀರಿದಳು. ಎಳೆ ಕರಗಿ ಮಣಿಯಾಯಿತು, ಕಪ್ಪು ಹೊಗೆ ಬಂತು.

“ಖರೇನ ಪ್ಲಾಸ್ಟಿಕ್ ಐತಿ,” ಎಂದು ತೀರ್ಪು ಕೊಟ್ಟು ಕತ್ತರಿ ತಂದಳು. ಎರಡು ಭರ್ಜರಿ ಕೌದಿಗಳಾದವು. ಒಂದು ದಂಡೆಯ ಮೇಲಿನ ಅಖ್ತರಬಾನುವಿನ ಚಹಾದಂಗಡಿಯ ಬೆಂಚಿಗೆ ಹೋಯಿತು, ಇನ್ನೊಂದರ ಮೇಲೆ ಗಂಡ ಹೆಂಡತಿ ಮಲಗಿದರು.

ಒಂದು ಮಂಗಳವಾರ ಸಾಹೇಬರ ಫೋನು ಬಂತು. ಬಂದರಿನ ಕೂಲಿಗಳಿಂದ ಕಲಿತ ಕನ್ನಡದಲ್ಲಿ ಅವರು ಒದರಿದರು. “ಚಂದವ್ವಾ, ಐತವಾರ ಬರಾಕತ್ತೇನಿ. ತಂಗಿ ಮಗ ಜೊತೀಗಿ ಬರ್ತಾನ. ಮುದುಕಗ ಕಣ್ಣಿಲ್ಲ, ಬೋಟ್ ಮಾರಬೇಕು ಅಂತಾನ. ಅವನ್ನ ಕುಂಡ್ರಿಸ್ಕೊಂಡು ಒಂದ್ ಸುತ್ತ ಹೊಡೀತೀನಿ. ಬರಾಬರ್ ಹೊಡದ್ರ ಅವನ ಬಾಯಿ ಬಂದ್. ಇಲ್ಲಂದ್ರ ಮಾರೂದು ಅಂತ ಮಾತ್ ಕೊಟ್ಟೇನಿ. ಮುಂದಿನ ಕ್ವಾಣ್ಯಾಗ ಬಿಳೀ ಹಾಯಿ ಐತಿ, ಬಿಸಲಿಗಿ ಹಾಕು.”

ಚಂದವ್ವ ಫೋನು ಇಟ್ಟು ಗಂಡನ ಮುಖ ನೋಡಿದಳು. ಕಂಠೆಪ್ಪ ತಾನು ಕುಳಿತಿದ್ದ ಕೌದಿಯನ್ನು ನೋಡಿ, ಕೆಂಡದ ಮೇಲಿಂದ ಎದ್ದವನಂತೆ ಎದ್ದ.

“ಸಾಹೇಬ್ರ ಹಾಯಿ ಮ್ಯಾಲ ಮಲಗೇವೇನ ನಾವು?” ಎಂದ. “ಇನ್ನ ಬೋಟೂ ಹೋತು, ಮನೀನೂ ಹೋತು. ಎಲ್ಲೆ ಇರೂದು?”

ವಾಸ್ಕೋದಲ್ಲಿ ಸೋರುವ ತಗಡಿನ ಖೋಲಿ ಬಿಟ್ಟು ಬಂದವಳು ಚಂದವ್ವ. ಅಲ್ಲಿಗೆ ಮರಳುವ ಮಾತು ನೆನೆದರೇ ಅಳು ಬಂತು. ಆದರೆ ಅಳುವ ಕೆಲಸವನ್ನು ಆಮೇಲೆ ಮಾಡೋಣ ಎಂದುಕೊಂಡಳು.

“ಸುಮ್ಕಿರ್ರಿ. ಕತ್ತರಿಸಿದಾಕಿ ನಾ, ಹೊಲಿಯಾಕಿನೂ ನಾ. ನಯೀಮಣ್ಣನ ಗೋದಾಮಿಗಿ ಹೋಗಿ ದಪ್ಪನ್ನ ಫ್ಲೆಕ್ಸ್ ತಗೊಂಡ್ ಬರ್ರಿ.”

ಕಂಠೆಪ್ಪ ತಂದ ಫ್ಲೆಕ್ಸಿನಲ್ಲಿ ಯಾವನೋ ಪುಢಾರಿ ಕೈಮುಗಿದು ನಗುತ್ತಿದ್ದ. ಹಿಂದಿನ ವಾರ ಹುಟ್ಟುಹಬ್ಬ ಮುಗಿಸಿ ಗುಜರಿ ಸೇರಿದ್ದ. ಚಂದವ್ವ ಹಗ್ಗ ಹಿಡಿದು ದೋಣಿಯ ಮೂತಿಯಿಂದ ಕಂಬದ ತುದಿಯವರೆಗೆ ಗಂಡನಿಂದ ಅಳತೆ ಮಾಡಿಸಿದಳು. ಗುಜರಿಗೆಂದು ಎತ್ತಿಟ್ಟಿದ್ದ, ಹಳೆ ಹಾಯಿಯನ್ನು ಹಗ್ಗಕ್ಕೆ ಸಿಕ್ಕಿಸುವ ಹಿತ್ತಾಳೆ ಬಳೆಗಳನ್ನು ಹುಡುಕಿ ತಂದಳು. ಫ್ಲೆಕ್ಸಿನ ಬೆನ್ನಿಗೆ ಚಿಪ್ಸಿನ ಪ್ಯಾಕೆಟ್ಟು ಹಚ್ಚಿ, ದಬ್ಬಣಕ್ಕೆ ಮೀನಿನ ಗಾಳದ ದಾರ ಪೋಣಿಸಿ, ಅಂಚಿನಿಂದ ಸುತ್ತುತ್ತ ಒಳಗೆ ಹೊಲಿದಳು. ನಾಲ್ಕು ದಿನ ಬೆರಳು ಒಡೆದವು, ಗಂಡನಿಗೆ ಬೈಗುಳ ಬಿದ್ದವು. ಕೊನೆಗೆ ನಡುವೆ ಒಂದು ಅಂಗೈ ಅಗಲ ಉಳಿದಾಗ ಅವಳು ಬೆಲ್ಲ ಹಚ್ಚಿದ ರೊಟ್ಟಿಯ ತುಣುಕು ತಂದಳು. ಕೌದಿ ಮುಗಿಸುವ ಮುಂಚೆ ಅದರ ಹೊಟ್ಟೆ ತುಂಬಿಸುವುದು ಅವಳ ತವರಿನ ರೂಢಿ.

“ಹಾಯಿಗೆ ಯಾರರೆ ಊಟ ಹಾಕ್ತಾರೇನ?” ಎಂದ ಕಂಠೆಪ್ಪ.

“ದಿನಾ ಗಾಳ್ಯಾಗ ದುಡಿಯೂದು ಅದು. ಉಪಾಸ ಇದ್ದು ದುಡಿತೈತೇನ್ರಿ?” ಎಂದು ರೊಟ್ಟಿ ಒಳಗಿಟ್ಟು ಗಂಟು ಹಾಕಿದಳು.

ಭಾನುವಾರ ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಸೋದರಳಿಯ ಬಿಳಿ ಬೂಟು ಹಾಕಿದ್ದ, ಕೈಯಲ್ಲಿ ನೀರಿನ ಬಾಟಲಿ ಹಿಡಿದಿದ್ದ. ಹಾಯಿ ಏರಿಸಲು ಅಪ್ಪಣೆಯಾಯಿತು. ಕಂಠೆಪ್ಪ ಕಣ್ಣು ಮುಚ್ಚಿಕೊಂಡು ಹಗ್ಗ ಜಗ್ಗಿದ. ಮೊದಲು ಮುಗಿದ ಕೈಗಳು ಮೇಲೇರಿದವು, ಆಮೇಲೆ ಮೀಸೆ, ಆಮೇಲೆ ಹಲ್ಲು. ಮೂರು ಮೂಲೆಯ ಹಾಯಿಗೆ ಹೊಂದಿಸುವಾಗ ಪುಢಾರಿ ಅಡ್ಡಡ್ಡ ಮಲಗಿಬಿಟ್ಟಿದ್ದ. ಆಚೆಯ ಮೀನುದೋಣಿಯವರು ಸಿಳ್ಳೆ ಹಾಕಿ, ಯಾವ ಎಲೆಕ್ಷನ್ನು ಎಂದು ಕೂಗಿ ಕೇಳಿದರು. ರೊಟ್ಟಿಯ ವಾಸನೆ ಹಿಡಿದು ಎರಡು ಕಾಗೆ ಬಂದು ಹಾಯಿಯ ಹೊಟ್ಟೆ ಕುಕ್ಕತೊಡಗಿದವು.

ಅಳಿಯ ಕೊಂಕಣಿಯಲ್ಲಿ ಕೆಂಡ ಕಾರಿದ. ಸಾಹೇಬರು ಕನ್ನಡಕ ತೆಗೆದು ಹಾಯಿಯನ್ನು ನಿಧಾನವಾಗಿ ನೋಡಿದರು. ಚಂದವ್ವ ತಡೆಯಲಾರದೆ ಮುಂದೆ ಬಂದಳು.

“ಹಳೇದನ್ನ ನಾನ ಕತ್ತರಿಸೇನ್ರಿ ಸಾಹೇಬ್ರ. ಇವರದೇನೂ ತಪ್ಪಿಲ್ರಿ. ಸುಟ್ಟು ಮೂಸಿ ನೋಡಿದ್ನಿ, ಪ್ಲಾಸ್ಟಿಕ್ ಇತ್ರಿ.”

“ಪ್ಲಾಸ್ಟಿಕ್ಕೇ ಅದು,” ಎಂದರು ಸಾಹೇಬರು. “ಈಗ ಅಖ್ತರಬಾನು ಅಂಗಡ್ಯಾಗ ಅದರ ಮ್ಯಾಲೇ ಕುಂತು ಚಾ ಕುಡದು ಬಂದೆ. ಹಿಂದಕ್ಕ ಹಾಯಿಗಿ ನಾ ಹಾಕಿದ್ದ ನೀಲಿ ದಾರದ ಹೊಲಿಗಿ ಕುಂಡಿ ಬುಡಕ್ಕೇ ಇತ್ತು. ನೀ ಏನ್ ಸುಳ್ಳ್ ಹೇಳ್ತೀ ನೋಡೂಣು ಅಂತ ಸುಮ್ನಿದ್ದೆ. ಲಂಗರು ಎತ್ತರಿ.”

ಗಾಳಿ ತುಂಬಿತು. ಹೊಲಿಗೆ ಚರಚರ ಎಂದಿತು, ಆದರೆ ಬಿಚ್ಚಲಿಲ್ಲ. ದೋಣಿ ಬಾಗಿ ಓಡಿತು. ಇಷ್ಟು ದಿನ ತನ್ನ ಮನೆ ಹೀಗೆ ಓಡಬಲ್ಲದೆಂದು ಚಂದವ್ವ ಕನಸಿನಲ್ಲೂ ಎಣಿಸಿರಲಿಲ್ಲ; ಭಯಕ್ಕೂ ಖುಷಿಗೂ ಅವಳು ಕಂಬ ತಬ್ಬಿಕೊಂಡು ಕೂಗಿದಳು.

ಅಳಿಯ ಮುಖ ಊದಿಸಿಕೊಂಡು ನೀರು ಕುಡಿದು, ಖಾಲಿ ಬಾಟಲಿಯನ್ನು ಹಿಂದೆ ನೀರಿಗೆಸೆದ. ಕೆಟ್ಟ ಬುದ್ಧಿಯಿಂದೇನಲ್ಲ, ಕೈಗಂಟಿದ ಚಟ.

“ಅಯ್ಯ, ಬಾಟ್ಲಿ!” ಎಂದು ಚಂದವ್ವ ಚೀರಿದಳು.

ಸಾಹೇಬರು ತಿರುಗಿ ನೋಡಿದರು. ಅಲೆಗಳ ನಡುವೆ ಅದಾಗಲೇ ದೂರ ಹೋಗಿತ್ತು. ಅವರು ಚುಕ್ಕಾಣಿ ಒತ್ತಿದರು, ಕಂಠೆಪ್ಪನಿಗೆ ಹಗ್ಗ ಬಿಡಲು ಹೇಳಿದರು. ದೋಣಿ ಗಿರ್ರನೆ ತಿರುಗಿತು, ಹಾಯಿ ಆ ಬದಿಯಿಂದ ಈ ಬದಿಗೆ ಹಾರುತ್ತ ಅಳಿಯನ ಕೆನ್ನೆಗೆ ಪುಢಾರಿಯ ಮೀಸೆಯಿಂದಲೇ ಬಾರಿಸಿ ಅವನನ್ನು ಕೂರಿಸಿತು. ಒಂದು ಸುತ್ತು ಹಾಕಿ ಬಂದು, ಸ್ಟ್ಯಾಂಡಿನಲ್ಲಿ ಬಸ್ಸು ನಿಂತಂತೆ ದೋಣಿ ಬಾಟಲಿಯ ಪಕ್ಕದಲ್ಲೇ ನಿಂತಿತು. ಕಂಠೆಪ್ಪ ಹೆಂಡತಿಯ ಸೊಂಟ ಬಿಗಿಯಾಗಿ ಹಿಡಿದ, ಅವಳು ಬಗ್ಗಿ ಬಲೆ ಚಾಚಿ ಅದನ್ನೆತ್ತಿದಳು. ಮುಚ್ಚಳ ತಿರುಚಿ ಒಂದು ಚೀಲಕ್ಕೆ, ಬಾಟಲಿ ಇನ್ನೊಂದಕ್ಕೆ ಹಾಕಿದಳು.

ಅಳಿಯ ಕೆನ್ನೆ ಉಜ್ಜಿಕೊಳ್ಳುತ್ತ ನೀರನ್ನೇ ನೋಡುತ್ತಿದ್ದ. ದೋಣಿ ಮಾರುವ ಮಾತೆತ್ತದೆ, “ಮಾಮಾ, ಅದೆಲ್ಲಿತ್ತು ಅಂತ ನನಗೆ ಕಾಣಲೇ ಇಲ್ಲ,” ಎಂದು ಕೊಂಕಣಿಯಲ್ಲಿ ಹೇಳಿದ.

“ಮುಂಬೈನಾಗ ನನ್ನ ಡಾಕ್ಟರ್ ಭಾಳ ಚಲೋ ಅದಾನ,” ಎಂದು ಸಾಹೇಬರು ಚಂದವ್ವನಿಗೂ ತಿಳಿಯಲೆಂದು ಕನ್ನಡದಲ್ಲೇ ಉತ್ತರ ಕೊಟ್ಟರು. “ಇವನ್ನೂ ಒಮ್ಮೆ ಕರಕೊಂಡ್ ಹೋಗಬೇಕು.”

ಚಂದವ್ವ ಮೊದಲು ಕಿಸಕ್ಕೆಂದು ನಕ್ಕಳು. ಆಮೇಲೆ, ಮಂಗಳವಾರದಿಂದ ಮುಂದೂಡಿದ್ದ ಅಳುವನ್ನು ಎಲ್ಲರೆದುರೇ ಗಂಡನ ಹೆಗಲಿಗೆ ಒರಗಿ ಅತ್ತು ಮುಗಿಸಿದಳು.