ಹಡಗು ಹಿಡಿದವಳು

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಈರುಳ್ಳಿ ಮಾರುವವರು ಬೆಳಿಗ್ಗೆ ನೆಲಕ್ಕೆ ನೀರು ಚಿಮುಕಿಸಿ, ಧೂಳು ಅಡಗಿದ ಮೇಲೆ ಖಾಲಿ ಗೋಣಿಚೀಲ ಹಾಸುತ್ತಾರೆ. ಆ ಚೀಲ ಕೆಳಗಿನಿಂದ ನಿಧಾನವಾಗಿ ನೀರು ಹೀರಿಕೊಳ್ಳುತ್ತಾ ಒಂದು ವಾಸನೆ ಬಿಡುತ್ತದೆ. ಸ್ವಲ್ಪ ಮಣ್ಣು, ಸ್ವಲ್ಪ ಸೆಣಬು, ಸ್ವಲ್ಪ ಯಾವುದೋ ಹಳೆಯ ಕಾಳಿನ ಮುಗ್ಗು. ಬೇರೆಯವರು ಸರಸರ ದಾಟಿ ಹೋಗುವ ಆ ಜಾಗದಲ್ಲಿ ನಾನು ಸುಮ್ಮನೆ ನಿಂತುಬಿಡುತ್ತೇನೆ. ಅಂಗಡಿಯವನು ಏನು ಬೇಕಮ್ಮ ಎಂದು ಎರಡು ಸಲ ಕೇಳಿದ ಮೇಲೆ ಎಚ್ಚರವಾಗಿ, ಮನೆಯಲ್ಲಿ ಇರುವ ಈರುಳ್ಳಿಯನ್ನೇ ಮತ್ತೆ ಕೊಂಡು ತರುತ್ತೇನೆ. ನನಗೆ ಅದು ಸಮುದ್ರದ ವಾಸನೆ. ನಿಜವಾದ ಸಮುದ್ರವನ್ನು ದೊಡ್ಡವಳಾದ ಮೇಲೆ ನೋಡಿದೆ. ಅಲ್ಲಿ ಮೀನಿನ ವಾಸನೆ ಇತ್ತು, ಗೋಣಿಯ ವಾಸನೆ ಇರಲಿಲ್ಲ. ಹಾಗಾಗಿ ಅದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ನಮ್ಮ ಸಮುದ್ರ ಇದ್ದದ್ದು ಹಲಸೂರಿನಲ್ಲಿ, ಕೆರೆಯ ಹಿಂದಿನ ಒಂದು ಬೀದಿಯಲ್ಲಿ, ಬಾಡಿಗೆ ಮನೆಯ ಮುಂದಿನ ಹಾಲ್‌ನಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಕಾರ್ಖಾನೆ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದು ಸೇರಿದ್ದ. ಅವ್ವ ಅಲ್ಲಿ ಟೀಚರ್ ತರಬೇತಿ ಮುಗಿಸಿದ್ದಳು, ಆದರೆ ಇಲ್ಲಿ ಯಾವ ಶಾಲೆಯವರೂ ಅವಳನ್ನು ಕರೆಯಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಯಾವ ಊರು ನಿಮ್ಮದು ಎಂದು ಕೇಳಿ ನಗುತ್ತಿದ್ದರಂತೆ. ಅದಕ್ಕೇ ಮನೆಯಲ್ಲೇ ಬಾಲವಾಡಿ ಶುರು ಮಾಡಿದಳು. ನಾಲ್ಕೈದು ವರ್ಷದ ಹತ್ತು ಹನ್ನೆರಡು ಮಕ್ಕಳು ಬರುತ್ತಿದ್ದವು. ಹೂ ಮಾರುವವಳ ಮಗ ಸೆಲ್ವಂ ತಮಿಳಿನವನು, ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿಯಿದ್ದವರ ಮಗಳು ನೂರಿ ಮನೆಯಲ್ಲಿ ಉರ್ದು ಆಡುವವಳು, ಉಳಿದವರು ಕನ್ನಡ, ತೆಲುಗು, ಎಲ್ಲ ಕಲಸಿ ಆಡುವವರು. ಇವರನ್ನು ಅವ್ವ ಮೊದಲ ತಿಂಗಳು ಸಾಲಾಗಿ ಕೂರಿಸಲು ನೋಡಿ ಸೋತು ಸುಣ್ಣವಾದಳು. ಒಂದು ದಿನ ಹಾಲ್ ಒರೆಸಿ ನೆಲ ಇನ್ನೂ ಒದ್ದೆಯಿದ್ದಾಗಲೇ ಮಕ್ಕಳು ಬಂದವು. ಜಾರಿ ಬಿದ್ದಾವು ಎಂದು ಅವ್ವ ಅಲ್ಲೊಂದು ಇಲ್ಲೊಂದು ಗೋಣಿಚೀಲ ಹಾಸಿದಳು. ಮಕ್ಕಳು ಚೀಲದಿಂದ ಚೀಲಕ್ಕೆ ಹಾರತೊಡಗಿದವು, ಯಾರೂ ಕೆಳಗೆ ಕಾಲಿಡಲಿಲ್ಲ. ಅವ್ವ ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ಬಹಳ ಹೊತ್ತು ನೋಡುತ್ತ ನಿಂತಳು. ಮರುದಿನದಿಂದ ಬೇಕೆಂದೇ ನೆಲವನ್ನು ಒದ್ದೆ ಮಾಡಿದಳು.

ಭೀಮಾ ನದಿಯ ಪ್ರವಾಹಕ್ಕಿಂತ ದೊಡ್ಡ ನೀರನ್ನು ಅವ್ವ ಜನ್ಮದಲ್ಲಿ ನೋಡಿದವಳಲ್ಲ. ಆದರೂ ಸಮುದ್ರವನ್ನು ಮಾಡಿಟ್ಟಳು. ಊರಿನಿಂದ ತಂದಿದ್ದ ನಾರಿನ ಹೊರಸು, ನಾವು ಮೂವರೂ ರಾತ್ರಿ ಮಲಗುತ್ತಿದ್ದುದೇ, ಬೆಳಿಗ್ಗೆ ಕಾಲು ಮೇಲಾಗಿ ಬೋರಲು ಬಿದ್ದು ಹಡಗಾಗುತ್ತಿತ್ತು. ಮುಂದಿನ ಎರಡು ಕಾಲಿಗೆ ಅವಳ ಹಳೆಯ ಸೀರೆ ಕಟ್ಟಿದರೆ ಹಾಯಿ. ಗೋಣಿಚೀಲಗಳು ದ್ವೀಪಗಳು. ಒಂದರಲ್ಲಿ ಹುಣಸೆ ಬೀಜ ಎಣಿಸಬೇಕು, ಇನ್ನೊಂದರಲ್ಲಿ ಚೀಲದಡಿ ಅಡಗಿಸಿಟ್ಟ ರಟ್ಟಿನ ಅಕ್ಷರಗಳನ್ನು ಕದಿಯಬೇಕು, ಕೊನೆಯದರಲ್ಲಿ ಕಬ್ಬಿಣದ ಟ್ರಂಕು, ಅದರಲ್ಲಿ ಪುಟಾಣಿ ಬೆಲ್ಲ. ಮಕ್ಕಳೆಲ್ಲ ಕಡಲ್ಗಳ್ಳರು. ಕದ್ದ ಅಕ್ಷರದ ಹೆಸರು ಹೇಳಿ, ಅದರಿಂದ ಶುರುವಾಗುವ ಒಂದು ಮಾತು ಹೇಳಿದರೆ ಅಕ್ಷರ ಅವರದು, ಇಲ್ಲವಾದರೆ ವಾಪಸ್ ಇಡಬೇಕು. ದಿನಕ್ಕೊಬ್ಬ ಕ್ಯಾಪ್ಟನ್, ಅವನ ಒಂದು ಕಣ್ಣಿಗೆ ಕಪ್ಪು ಬಟ್ಟೆ. ಇದು ಬೀದಿಯಲ್ಲಿ ಸುದ್ದಿಯಾಗಿ, ಒಬ್ಬ ಹುಡುಗನ ತಾಯಿ ಜಗಳಕ್ಕೇ ಬಂದಿದ್ದಳು. "ಏನ್ರೀ ಮಿಸ್, ಅಆಇಈ ಹೇಳ್ಕೊಡಿ ಅಂತ ಕಳ್ಸಿದ್ರೆ ಕಳ್ತನ ಹೇಳ್ಕೊಡ್ತಿದ್ದೀರಂತೆ. ನಮ್ಮ ಹುಡುಗ ಮನೇಲೂ ಒಂದ್ ಕಣ್ಣು ಮುಚ್ಕೊಂಡೇ ಊಟ ಮಾಡ್ತಾನೆ." ಅವ್ವ ನಕ್ಕು, ಆ ಹುಡುಗನನ್ನೇ ಕರೆದು ಅವನು ಕದ್ದ ಅಕ್ಷರಗಳನ್ನೆಲ್ಲ ಓದಿಸಿದಳು. ಹದಿನೇಳು ಅಕ್ಷರ. ಆ ತಾಯಿ ಹುಡುಗನ ತಲೆ ಸವರಿ ಹೋದಳು.

ಸೆಲ್ವಂ ಮೊದಲ ಸಲ ಕ್ಯಾಪ್ಟನ್ ಆದ ದಿನ ಒಂದು ತಮಾಷೆ ನಡೆಯಿತು. ಚೀಲ ಹತ್ತಿರ ಬರುತ್ತಿದ್ದಂತೆ ಅವನು ಹೊರಸಿನ ಮೇಲೆ ಎದ್ದು ನಿಂತು "ಕರೆ, ಕರೆ" ಎಂದು ಕೂಗಿದ. ಕ್ಯಾಪ್ಟನ್ ಹೇಳಿದ ಮೇಲೆ ಕರೆಯಬೇಕಲ್ಲ, ಮಕ್ಕಳೆಲ್ಲ ಒಬ್ಬರ ಹೆಸರನ್ನೊಬ್ಬರು ಗಂಟಲು ಹರಿಯುವಂತೆ ಕರೆಯತೊಡಗಿದವು. ಸೆಲ್ವಂ ಕಕ್ಕಾಬಿಕ್ಕಿಯಾಗಿ ಅಳುವುದೊಂದು ಬಾಕಿ. ಮಧ್ಯಾಹ್ನ ಅವನ ತಾಯಿ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದಾಗ ಗೊತ್ತಾಯಿತು, ಅವರ ಮಾತಿನಲ್ಲಿ ಕರೆ ಎಂದರೆ ದಡ. ದಡ ಕಂಡಿತು ಎಂದು ಅವನು ಕೂಗಿದ್ದ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಜರಿ ಪುಸ್ತಕವನ್ನು ಅಂದೇ ಗೂಡಿನಲ್ಲಿಟ್ಟಳು. ಆಮೇಲೆ ಅದೇ ಪದ್ಧತಿಯಾಯಿತು. ಕ್ಯಾಪ್ಟನ್ "ಕರೆ" ಎನ್ನಬೇಕು, ಅವ್ವ ಒಂದೊಂದೇ ಹೆಸರು ಕರೆಯಬೇಕು, ಕರೆಸಿಕೊಂಡವರು ದಡಕ್ಕೆ ಇಳಿಯಬೇಕು. ಕರೆಯದೆ ಇಳಿದವರು ನೀರಿಗೆ ಬಿದ್ದಂತೆ. ಅವ್ವ ಹೆಸರು ಕರೆಯುವ ರೀತಿ ಬೇರೆಯೇ ಇತ್ತು. ಸೆಲ್ವಂ ಎನ್ನುವಾಗ ಕೊನೆಯನ್ನು ಸ್ವಲ್ಪ ಎಳೆಯುತ್ತಿದ್ದಳು, ನೂರಿ ಎನ್ನುವಾಗ ಕೈ ಚಾಚುತ್ತಿದ್ದಳು. ಹೆಸರು ಕೇಳಿದ ಮಗು ಎದೆಯುಬ್ಬಿಸಿ ಇಳಿಯುತ್ತಿತ್ತು.

ನನ್ನ ಹೆಸರು ಮಾತ್ರ ಆ ಸಾಲಿನಲ್ಲಿ ಇರಲಿಲ್ಲ. ನನಗೆ ಶಾಂತಾ ಎಂದು ಹೆಸರಿಟ್ಟವರಿಗೆ ನನ್ನ ಸ್ವಭಾವ ಗೊತ್ತಿರಲಿಲ್ಲ ಎಂದು ಈಗಲೂ ಜನ ಆಡಿಕೊಳ್ಳುತ್ತಾರೆ, ಆಗಲೂ ನಾನು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು. ಒದ್ದೆ ನೆಲದಲ್ಲಿ ಮಕ್ಕಳು ಹಾರಿದ ಹಾಗೆಲ್ಲ ಹೊರಸು ಸರಕ್ಕೆಂದು ಜಾರುತ್ತಿತ್ತು. ಯಾರಾದರೂ ಗೋಡೆಗೆ ಬೆನ್ನು ಕೊಟ್ಟು ಅದರ ಹಿಂದಿನ ಕಾಲನ್ನು ಎರಡೂ ಕೈಯಲ್ಲಿ ಅವುಚಿ ಹಿಡಿಯಬೇಕಿತ್ತು. ಬೇರೆಯವರ ಮಕ್ಕಳಿಗೆ ಆ ಕೆಲಸ ಹೇಳಲಾದೀತೆ? "ನೀ ಮನಿ ಹುಡುಗಿ ಇದ್ದಿ. ಎಲ್ಲಾರೂ ಇಳಿಯೋತನ ಹಡಗ ಹಿಡ್ಕೊಂಡು ಕೂಡು," ಎನ್ನುತ್ತಿದ್ದಳು ಅವ್ವ. ಎಲ್ಲರೂ ಇಳಿದ ಮೇಲೆ ಅವಳೂ ಸೀರೆ ಎತ್ತಿಕೊಂಡು ಇಳಿಯುತ್ತಿದ್ದಳು, ಇಳಿಯುವ ಮೊದಲು ತಿರುಗಿ "ಹಿಡಿದಿ ಇಲ್ಲ?" ಎಂದು ಒಂದು ಸಲ ಕೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಆಮೇಲೆ ಅವರೆಲ್ಲ ದ್ವೀಪದಲ್ಲಿ, ನಾನೊಬ್ಬಳೇ ಹಡಗಿನಲ್ಲಿ. ಟ್ರಂಕಿನಲ್ಲಿ ಏನಿದೆ ಎಂಬ ಕುತೂಹಲವೂ ನನಗಿರಲಿಲ್ಲ, ಬೆಳಿಗ್ಗೆ ಅದರೊಳಗಿನ ನನ್ನ ಬಟ್ಟೆ ತೆಗೆದು ಪುಟಾಣಿ ತುಂಬುವಾಗ ನಾನೇ ಪಕ್ಕದಲ್ಲಿರುತ್ತಿದ್ದೆ. ಕ್ಯಾಪ್ಟನ್ ಮಾಡು ಎಂದು ನಾನು ಕೇಳಲಿಲ್ಲ. ಒಂದು ಸಲ, ಒಂದೇ ಸಲ, ನನ್ನ ಹೆಸರನ್ನೂ ಹಾಗೆ ಕರೆ ಎಂದು ಕೇಳಿದೆ. ನಾಳೆ ಎಂದಳು. ಎಷ್ಟು ನಾಳೆಗಳು ಕಳೆದವೋ, ಹೊರಸಿನ ಕಾಲಿನ ಗಂಟು ನನ್ನ ಅಂಗೈಯಲ್ಲಿ ಗುರುತು ಮಾಡಿತ್ತು.

ಒಂದು ಶನಿವಾರ ನೂರಿ ಕ್ಯಾಪ್ಟನ್. ಅವ್ವ ಒಬ್ಬೊಬ್ಬರನ್ನೇ ಕರೆಯುತ್ತಾ ಹೋದಳು, ಇನ್ನೂ ಐದಾರು ಮಕ್ಕಳು ಹಡಗಿನಲ್ಲಿದ್ದವು. ಆ ದಿನ ಹೊಸದಾಗಿ ಸೇರಿದ್ದ, ಸರಿಯಾಗಿ ಮಾತೂ ಬಾರದ ಒಂದು ಪುಟ್ಟ ಹುಡುಗಿಯ ಹೆಸರನ್ನು ಅವ್ವ ಬಹಳ ಪ್ರೀತಿಯಿಂದ ಕರೆದಳು. ಅಷ್ಟೇ. ನಾನು ಹೊರಸಿನ ಕಾಲು ಬಿಟ್ಟು ಎದ್ದೆ. ಚೀಲದ ಮೇಲೆ ಅಲ್ಲ, ನೇರ ಒದ್ದೆ ನೆಲದ ಮೇಲೆ ಇಳಿದೆ. ಮಕ್ಕಳು ನಿಜಕ್ಕೂ ಚೀರಿದವು. ಸೆಲ್ವಂ ದ್ವೀಪದಿಂದ ಬಗ್ಗಿ ನನಗೆ ಕೈ ಚಾಚಿದ, ಮುಳುಗುವವಳನ್ನು ಎತ್ತುವ ಹಾಗೆ, ಅವನ ಮುಖ ಬಿಳುಚಿಕೊಂಡಿತ್ತು. ನನಗೆ ಆ ಕೈ ಕಂಡು ಇನ್ನಷ್ಟು ಉರಿಯಿತು. "ಇದು ನೀರಲ್ಲ. ನೆಲ. ನಮ್ಮನೆ ನೆಲ," ಎಂದು ಹೇಳಿ ಎರಡು ಕಾಲಿನಿಂದಲೂ ಕುಣಿದೆ. ನೂರಿ ಕಣ್ಣಿನ ಬಟ್ಟೆ ಮೇಲೆತ್ತಿ, ಹಡಗಿನ ಅಂಚಿನಿಂದ ಒಂದು ಬೆರಳು ಕೆಳಗಿಟ್ಟು ನೋಡಿದಳು. ಆಮೇಲೆ ಪಾದ. "ಪಾನಿ ನೈ," ಎಂದಳು, ಯಾರಿಗೂ ಅಲ್ಲ, ತನಗೇ ಹೇಳಿಕೊಂಡಂತೆ. ನೀರಿಲ್ಲ. ಅವಳು ಇಳಿದಳು, ಅವಳ ಹಿಂದೆ ಇನ್ನೊಬ್ಬ ಇಳಿದ, ಒಬ್ಬೊಬ್ಬರಾಗಿ ಎಲ್ಲ ಮಕ್ಕಳೂ ಸಮುದ್ರದ ಮೇಲೆ ನಡೆದಾಡಿದವು. ಸೆಲ್ವಂ ಒಬ್ಬ ಮಾತ್ರ ಚೀಲ ಬಿಟ್ಟು ಕದಲದೆ, ಅವನ ತಾಯಿ ಬರುವವರೆಗೂ ಅಲ್ಲೇ ನಿಂತಿದ್ದ.

ಅವ್ವ ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಚೀಲಗಳನ್ನು ಎತ್ತಿ ಹಿತ್ತಲಿನ ತಂತಿಗೆ ಹಾಕಿದಳು, ಹೊರಸನ್ನು ನೇರ ಮಾಡಿ ಗೋಡೆಗೆ ಒರಗಿಸಿದಳು. ಸೋಮವಾರ ಮಕ್ಕಳು ಸಾಲಾಗಿ ಚಾಪೆಯ ಮೇಲೆ ಕೂತು ಸ್ಲೇಟು ತಿದ್ದಿದವು. ಹಾಜರಿ ಪುಸ್ತಕ ಗೂಡಿನಿಂದ ಕೆಳಗೆ ಬಂತು. ಬೀದಿಯವರೆಲ್ಲ ಈಗ ಸರಿ ಹೋಯ್ತು ನೋಡಿ ಎಂದು ಮೆಚ್ಚಿಕೊಂಡರು, ಇನ್ನಷ್ಟು ಮಕ್ಕಳನ್ನು ಸೇರಿಸಿದರು. ನನಗಂತೂ ನಾನೇ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗಾಗಿತ್ತು. ಹತ್ತು ದಿನ ತಡೆದು, ಮತ್ತೆ ಹಡಗು ಮಾಡು, ನಾನೇ ಹಿಡಿಯುತ್ತೇನೆ, ನನ್ನನ್ನು ಕರೆಯಲೇಬೇಡ ಎಂದು ಅವಳ ಸೆರಗು ಹಿಡಿದು ಅತ್ತೆ. "ಈಗ ಅವಕ್ಕ ಗೊತ್ತಾಗ್ಯದ," ಎಂದಳು. "ಗೊತ್ತಾದ ಮ್ಯಾಲ ಹ್ಯಾಂಗ ಆಡ್ತಾವ?" ಸಿಟ್ಟಿನಿಂದ ಹೇಳಲಿಲ್ಲ. ಅಕ್ಕಿ ಆರಿಸುತ್ತಾ, ಅದರ ಬಗ್ಗೆ ತಾನೂ ಯೋಚಿಸಿ ನೋಡಿದವಳ ಹಾಗೆ ಹೇಳಿದಳು. ಹಾಗೆ ಹೆಸರು ಕರೆಸಿಕೊಳ್ಳುವ ಆಸೆಗೆ ಅವಳು ಎಲ್ಲರ ಹೆಸರನ್ನೂ ಹಾಗೆ ಕರೆಯುವುದನ್ನೇ ನಿಲ್ಲಿಸಿದ್ದೆ.

ಈಗ ಆ ಹಾಲ್ ಇಲ್ಲ. ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗವನ್ನು ಕೊಯ್ದುಕೊಂಡು ಹೋದರು, ಅಡುಗೆಮನೆ ಹಿತ್ತಲು ಮಾತ್ರ ಉಳಿದು ಅದರಲ್ಲಿ ಯಾರೋ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಹುಣಸೆ ಬೀಜದ ದ್ವೀಪ ಇದ್ದ ಕಡೆ ಆಟೋಗಳು ಸಿಗ್ನಲ್‌ಗೆ ನಿಲ್ಲುತ್ತವೆ. ನಿಮಗೂ ಇಂಥದ್ದೊಂದು ಜಾಗ ಇರಬಹುದು, ಹೋಗಿ ನಿಂತರೆ ಹಿಂದಿನಿಂದ ಹಾರ್ನ್ ಹೊಡೆಯುವಂಥದ್ದು. ನಾನೂ ಟೀಚರೇ ಆದೆ, ಇಂದಿರಾನಗರದ ಒಂದು ಪ್ಲೇ ಸ್ಕೂಲಿನಲ್ಲಿ. ಅಲ್ಲಿ ವರ್ಷಕ್ಕೊಮ್ಮೆ ಕಡಲ್ಗಳ್ಳರ ವಾರ ಬರುತ್ತದೆ, ಪೆಟ್ಟಿಗೆಯಲ್ಲಿ ಬರುತ್ತದೆ. ಪ್ಲಾಸ್ಟಿಕ್ ಕತ್ತಿ, ಎಲ್ಲ ಮಕ್ಕಳಿಗೂ ಒಂದೊಂದು ಕಣ್ಣಿನ ಪಟ್ಟಿ, ಯಾವ ನಿಮಿಷಕ್ಕೆ ಏನು ಮಾಡಿಸಬೇಕು ಎಂಬ ಹಾಳೆ. ಇಪ್ಪತ್ತು ನಿಮಿಷದಲ್ಲಿ ದ್ವೀಪ ಮುಗಿಯುತ್ತದೆ, ಮಕ್ಕಳು ಫೋಟೋಕ್ಕೆ ನಗುತ್ತವೆ, ಒಂದು ಮಗುವೂ ಮುಳುಗುವ ಭಯದಿಂದ ಚೀರುವುದಿಲ್ಲ. ಗೋಣಿಚೀಲ ತರುತ್ತೇನೆ, ನೆಲ ಒದ್ದೆ ಮಾಡುತ್ತೇನೆ ಎಂದರೆ, ಧೂಳು, ಅಲರ್ಜಿ, ಜಾರಿದರೆ ಯಾರು ಜವಾಬ್ದಾರಿ ಎನ್ನುತ್ತಾರೆ. ಅವರ ಮೇಲೆ ರೇಗುತ್ತೇನೆ, ಮನೆಗೆ ಬಂದ ಮೇಲೆ ನನ್ನ ಮೇಲೆ ರೇಗುತ್ತೇನೆ. ಸಮುದ್ರವನ್ನು ನೆಲ ಎಂದು ಸಾರಿದವಳೇ ನಾನಲ್ಲವೇ?

ಮನೆ ಒಡೆದ ಮೇಲೆ ಬಾಣಸವಾಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಹೊರಸು ಮಾತ್ರ ಜೊತೆಗೆ ಬಂತು. ಕಾಯಿಲೆ ಬಿದ್ದ ಅವ್ವ ಕಡೆಯ ತಿಂಗಳು ಅದರ ಮೇಲೇ ಮಲಗಿದ್ದಳು, ಮಂಚ ತರುತ್ತೇವೆ ಎಂದರೆ ಒಪ್ಪಲಿಲ್ಲ. ಒಂದು ಮಧ್ಯಾಹ್ನ ನಾನು ನೆಲ ಒರೆಸಿ, ಒದ್ದೆ ಆರುವವರೆಗೆ ಅವಳ ಪಕ್ಕ ಕೆಳಗೆ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ ಅವಳು ಹೆಸರು ಕರೆಯತೊಡಗಿದಳು. ಸೆಲ್ವಂ ಎಂದಳು, ಕೊನೆಯನ್ನು ಎಳೆದು. ನೂರಿ ಎಂದಳು, ಕೈ ಚಾಚಲು ನೋಡಿದಳು, ಆಗಲಿಲ್ಲ. ನಾನು ಮರೆತೇಬಿಟ್ಟಿದ್ದ ಮಕ್ಕಳ ಹೆಸರನ್ನೂ, ಆ ಶನಿವಾರ ಹೊಸದಾಗಿ ಬಂದಿದ್ದ ಪುಟ್ಟ ಹುಡುಗಿಯ ಹೆಸರನ್ನೂ ಕರೆದಳು. ಪ್ರತಿ ಹೆಸರಿನ ನಂತರ ಇಳಿಯುವಷ್ಟು ಹೊತ್ತು ಬಿಡುತ್ತಿದ್ದಳು. ಹನ್ನೆರಡೂ ಮುಗಿದವು. ನಾನು ಕಾದೆ. ಇಪ್ಪತ್ತು ದಾಟಿದವಳು, ನಾಚಿಕೆಯಿಲ್ಲದೆ ಕಾದೆ. ಅವ್ವ ಕಣ್ಣು ತೆರೆದು ತಲೆಯನ್ನು ನನ್ನ ಕಡೆ ಹೊರಳಿಸಿದಳು.

"ಹಿಡಿದಿ ಇಲ್ಲ?"

ನೋಡಿದರೆ ನನ್ನ ಕೈ ಆಗಲೇ ಹೊರಸಿನ ಕಾಲಿನ ಮೇಲಿತ್ತು. ಹಿಡಿದೀನವ್ವ ಎಂದೆ. ಅವಳು ಮತ್ತೆ ಕಣ್ಣು ಮುಚ್ಚಿದಳು, ಆಮೇಲೆ ತೆರೆಯಲಿಲ್ಲ. ನನಗೆ ಸಿಟ್ಟು ಬಂತು, ಐದು ವರ್ಷದವಳಿಗೆ ಬರುತ್ತಿದ್ದ ಅದೇ ಸಿಟ್ಟು, ಎಲ್ಲರನ್ನೂ ಕರೆದು ಕೊನೆಗೆ ತಾನೂ ಇಳಿದು ಹೋದಳಲ್ಲ ಎಂದು. ಆದರೆ ಈ ಸಲ ಕೈ ಬಿಡಲಿಲ್ಲ. ಅಪ್ಪ ಬರುವವರೆಗೂ ಗೋಡೆಗೆ ಬೆನ್ನು ಕೊಟ್ಟು ಹೊರಸಿನ ಕಾಲು ಹಿಡಿದೇ ಕೂತಿದ್ದೆ.